ಅಂತಿಯೋಕ್ಯದ ಋಣ



ಸ್ನಾನದೀಕ್ಷೆಯ ದಿನದಿಂದ ನಾವೆಲ್ಲರೂ ಒಂದು ಹೆಸರನ್ನು ಹೊತ್ತುಕೊಂಡಿದ್ದೇವೆ. ಜಗತ್ತು ನಮ್ಮನ್ನು ಕ್ರೈಸ್ತರೆಂದು ಕರೆಯುತ್ತದೆ. ಈ ಹೆಸರು ಹುಟ್ಟಿದ್ದು ಎಲ್ಲಿ? ಬೆತ್ಲೆಹೇಮಿನಲ್ಲಲ್ಲ, ಜೆರುಸಲೇಮಿನಲ್ಲಲ್ಲ, ರೋಮಿನಲ್ಲೂ ಅಲ್ಲ. ಅಂತಿಯೋಕ್ಯ ಎಂಬ ನಗರದಲ್ಲಿ ಶಿಷ್ಯರನ್ನು ಮೊದಲ ಬಾರಿಗೆ ಕ್ರೈಸ್ತರೆಂದು ಕರೆದರು ಎಂದು ಪ್ರೇಷಿತರ ಕಾರ್ಯಕಲಾಪಗಳ ಹನ್ನೊಂದನೆಯ ಅಧ್ಯಾಯ ನಮಗೆ ತಿಳಿಸುತ್ತದೆ.

ಅದೇ ಅಧ್ಯಾಯದ ಕೊನೆಯ ನಾಲ್ಕು ವಚನಗಳನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಜೆರುಸಲೇಮಿನಿಂದ ಬಂದ ಅಗಬನೆಂಬ ಪ್ರವಾದಿ, ದೊಡ್ಡ ಬರಗಾಲವೊಂದು ಬರಲಿದೆ ಎಂದು ಮುನ್ಸೂಚನೆ ಕೊಟ್ಟನು. ಅದನ್ನು ಕೇಳಿದ ಅಂತಿಯೋಕ್ಯದ ವಿಶ್ವಾಸಿಗಳು ಜುದೇಯದಲ್ಲಿದ್ದ ಸಹೋದರರಿಗೆ, ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ನೆರವು ಕಳುಹಿಸಲು ತೀರ್ಮಾನಿಸಿದರು. ಅದನ್ನು ಬಾರ್ನಬ ಮತ್ತು ಸೌಲರ ಕೈಯಲ್ಲಿ ಕೊಟ್ಟು ಅಲ್ಲಿನ ಸಭೆಯ ಹಿರಿಯರಿಗೆ ತಲುಪಿಸಿದರು. ಒಂದು ಊರಿನ ಕ್ರೈಸ್ತರು ದೂರದ ಇನ್ನೊಂದು ನಾಡಿನ ಸಂಕಟಕ್ಕಾಗಿ ಕಾಣಿಕೆ ಎತ್ತಿದ ವೃತ್ತಾಂತವನ್ನು ಪವಿತ್ರ ಗ್ರಂಥದಲ್ಲಿ ನಾವು ಮೊದಲು ಕಾಣುವುದು ಇಲ್ಲಿಯೇ. ಕ್ರೈಸ್ತರೆಂಬ ಹೆಸರೂ, ಪರಸ್ಥಳದವರಿಗಾಗಿ ಎತ್ತುವ ಕಾಣಿಕೆಯೂ ಒಂದೇ ಊರಿನಲ್ಲಿ, ಒಂದೇ ಅಧ್ಯಾಯದಲ್ಲಿ ಹುಟ್ಟಿದವು.

ಆ ಅಂತಿಯೋಕ್ಯವೇ ಇಂದಿನ ತುರ್ಕಿ ದೇಶದ ಅಂತಾಕ್ಯ ನಗರ. 2023ರ ಫೆಬ್ರುವರಿ 6ರಂದು ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ, ಚಳಿಗಾಲದ ಕತ್ತಲಿನಲ್ಲಿ ಜನ ಮಲಗಿದ್ದಾಗ, 7.8 ತೀವ್ರತೆಯ ಭೂಕಂಪ ತುರ್ಕಿಯ ದಕ್ಷಿಣ ಭಾಗವನ್ನೂ ಸಿರಿಯಾದ ಉತ್ತರ ಭಾಗವನ್ನೂ ನಡುಗಿಸಿತು. ಅದೇ ದಿನ ಮಧ್ಯಾಹ್ನ ಇನ್ನೊಂದು ದೊಡ್ಡ ಕಂಪನ ಬಂತು. ತುರ್ಕಿಯೊಂದರಲ್ಲೇ 53 ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅತಿ ಹೆಚ್ಚು ಹಾನಿಯಾದ ಊರುಗಳಲ್ಲಿ ಅಂತಾಕ್ಯವೂ ಒಂದು. ಸಮೀಪದ ಇಸ್ಕೆಂದರುನ್ ಪಟ್ಟಣದಲ್ಲಿ ಕಥೋಲಿಕರ ಪ್ರಧಾನಾಲಯವೇ ಕುಸಿಯಿತು. ಬರಗಾಲದಲ್ಲಿ ಜೆರುಸಲೇಮಿಗೆ ಅನ್ನ ಕಳುಹಿಸಿದ ಊರು ತಾನೇ ಬೀದಿಯಲ್ಲಿ ನಿಂತು ಕೈಯೊಡ್ಡಬೇಕಾಯಿತು.

ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ, ಜೆರುಸಲೇಮಿನ ಬಡವರಿಗಾಗಿ ಮಕೆದೋನಿಯದವರೂ ಅಖಾಯದವರೂ ಎತ್ತಿದ ಕಾಣಿಕೆಯನ್ನು ಕುರಿತು ಹೇಳುತ್ತಾ, ಕೊಟ್ಟವರು ನಿಜವಾಗಿ ಸಾಲಗಾರರೇ ಎನ್ನುತ್ತಾರೆ. ಆ ಸಭೆಯಿಂದ ವಿಶ್ವಾಸವನ್ನು ಪಡೆದವರು ತಮ್ಮ ಸಂಪತ್ತಿನಿಂದ ಅದರ ಸೇವೆ ಮಾಡಲೇಬೇಕು ಎಂಬುದು ಅವರ ವಾದ. ಹಾಗಾದರೆ ಅಂತಿಯೋಕ್ಯದಿಂದ ಹೆಸರನ್ನು ಪಡೆದ ನಾವು? ನಾವು ಕೊಡುವುದು ದಾನವಲ್ಲ, ಋಣ ಸಂದಾಯ.

ಇದು ದೇವರ ಶಿಕ್ಷೆಯೇ?

ಕಾಣಿಕೆಯ ಮಾತಿಗೆ ಮೊದಲು ಒಂದು ಸಂದೇಹವನ್ನು ಬಗೆಹರಿಸಿಕೊಳ್ಳಬೇಕು. ಪ್ರತಿ ಭೂಕಂಪದ ನಂತರವೂ "ಅವರೇನು ಪಾಪ ಮಾಡಿದ್ದರೋ" ಎಂಬ ಮಾತು ನಮ್ಮ ನಡುವೆಯೇ ಕೇಳಿಬರುತ್ತದೆ. ಆ ಮಾತು ಆಡಿದ ಕೂಡಲೇ ನಮ್ಮ ಕೈ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ಏಕೆಂದರೆ ದೇವರು ಶಿಕ್ಷಿಸಿದವರನ್ನು ಎತ್ತಲು ನಾವು ಯಾರು?

ಯೇಸುಸ್ವಾಮಿಯವರು ಈ ಮಾತನ್ನು ನೇರವಾಗಿ ತಳ್ಳಿಹಾಕಿದ್ದಾರೆ. ಸಿಲೋವದಲ್ಲಿ ಗೋಪುರವೊಂದು ಉರುಳಿ ಹದಿನೆಂಟು ಜನ ಸತ್ತಿದ್ದರು. ಸತ್ತ ಆ ಹದಿನೆಂಟು ಮಂದಿ ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚು ಅಪರಾಧಿಗಳಾಗಿದ್ದರೆಂದು ಭಾವಿಸಬೇಡಿ ಎಂದರು ಪ್ರಭು. ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು. ಅಪಘಾತವನ್ನು ಕಂಡಾಗ ಸತ್ತವರ ಪಾಪವನ್ನು ಎಣಿಸಬೇಡಿ, ನಿಮ್ಮ ಬಾಳನ್ನು ತಿದ್ದಿಕೊಳ್ಳಿ ಎಂಬುದೇ ಅಲ್ಲಿನ ಬೋಧನೆ.

ಭೂಮಿಯ ಹೊರಚಿಪ್ಪಿನ ಬಂಡೆಗಳು ಒಂದನ್ನೊಂದು ಒತ್ತಿ, ಆ ಒತ್ತಡ ಒಮ್ಮೆಲೇ ಬಿಡುಗಡೆಯಾದಾಗ ನೆಲ ಕಂಪಿಸುತ್ತದೆ. ಆದರೆ ಜನರನ್ನು ಹೆಚ್ಚಾಗಿ ಕೊಲ್ಲುವುದು ನೆಲವಲ್ಲ, ತಲೆಯ ಮೇಲೆ ಕುಸಿಯುವ ಮನೆ. ನಮ್ಮ ಗಡಿಯ ಪಕ್ಕದಲ್ಲೇ ಇದಕ್ಕೆ ಸಾಕ್ಷಿಯುಂಟು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಸಮವಾದವು. ಹಿಂದಿನ ದಿನವಷ್ಟೇ ಗಣೇಶ ವಿಸರ್ಜನೆ ಮುಗಿಸಿದ ಜನ ದಣಿದು ಮಲಗಿದ್ದರು. ಬೀದರ, ಕಲಬುರಗಿ ಜಿಲ್ಲೆಗಳ ಜನರೂ ಆ ನಡುಕಕ್ಕೆ ಎಚ್ಚರಗೊಂಡರು. ಅದರ ತೀವ್ರತೆ ತುರ್ಕಿಯ ಕಂಪನಕ್ಕಿಂತ ಬಹಳ ಕಡಿಮೆ. ಆದರೂ ಸಾವಿರಾರು ಜನ ಸತ್ತರು. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಅವುಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆ ಅವರ ಮೇಲೆ ಬಿದ್ದವು. ಬಡತನ ಕಟ್ಟಿದ ಮನೆಯನ್ನು ದೇವರ ಕೋಪ ಕೆಡವಿತು ಎನ್ನುವುದು ಅನ್ಯಾಯ. ಗಟ್ಟಿ ಮನೆ ಕಟ್ಟಿಕೊಳ್ಳಲು ನೆರವಾಗುವುದೇ ಕ್ರೈಸ್ತ ಧರ್ಮ.

ಕಾಣಿಕೆ ಎಂದು ಪೂರ್ಣವಾಗುತ್ತದೆ?

ಕಾಣಿಕೆ ಡಬ್ಬಿಗೆ ನೋಟು ಹಾಕಿದ ಕ್ಷಣಕ್ಕೆ ನಮ್ಮ ಕರ್ತವ್ಯ ಮುಗಿಯಿತೆಂದು ನಾವು ತಿಳಿಯುತ್ತೇವೆ. ನಮ್ಮ ಕೈ ಬಿಟ್ಟಾಗ ಕಾಣಿಕೆ ಪ್ರಾರಂಭವಾಗುತ್ತದೆ ಅಷ್ಟೆ. ಮನೆ ಕಳೆದುಕೊಂಡ ತಾಯಿಯ ಕೈ ಸೇರಿ, ಅವಳ ಅಗತ್ಯವನ್ನು ನೀಗಿಸಿದಾಗಲೇ ಅದು ಪೂರ್ಣ. ಇದಕ್ಕೆ ಮೂರು ವಿಷಯಗಳಲ್ಲಿ ಎಚ್ಚರ ಬೇಕು: ಏನನ್ನು ಕೊಡುತ್ತೇವೆ, ಯಾರ ಕೈಯಲ್ಲಿ ಕೊಡುತ್ತೇವೆ, ಎಷ್ಟು ಕಾಲ ಕೊಡುತ್ತೇವೆ.

ಮೊದಲನೆಯದು, ಏನನ್ನು ಕೊಡುತ್ತೇವೆ ಎಂಬುದು. ವಿಕೋಪದ ಸುದ್ದಿ ಬಂದ ಮರುದಿನವೇ ನಮ್ಮ ಅಲಮಾರುಗಳು ತೆರೆದುಕೊಳ್ಳುತ್ತವೆ. ಗುಂಡಿ ಕಿತ್ತ ಅಂಗಿ, ಬಣ್ಣ ಮಾಸಿದ ಸೀರೆ, ಒಂಟಿ ಚಪ್ಪಲಿ ಎಲ್ಲವೂ ಗಂಟು ಕಟ್ಟಿಕೊಂಡು ಚರ್ಚಿನ ವರಾಂಡಕ್ಕೆ ಬರುತ್ತವೆ. 2004ರ ಡಿಸೆಂಬರ್ 26ರಂದು ಸಮುದ್ರದಾಳದ ಭೂಕಂಪದಿಂದ ಎದ್ದ ಸುನಾಮಿ ತಮಿಳುನಾಡಿನ ಕರಾವಳಿಯನ್ನು ಬಡಿದಾಗ, ದೇಶದ ಮೂಲೆಮೂಲೆಯಿಂದ ಹೋದ ಹಳೆಯ ಬಟ್ಟೆ ರಸ್ತೆಬದಿಯಲ್ಲಿ ರಾಶಿರಾಶಿಯಾಗಿ ಬಿದ್ದಿತ್ತು. ಅನೇಕ ಮೀನುಗಾರ ಕುಟುಂಬಗಳು ಅದನ್ನು ಮುಟ್ಟಲಿಲ್ಲ. ನಿನ್ನೆಯವರೆಗೆ ದುಡಿದು ತಿಂದವರು ಅವರು. ಮನೆ ಹೋಗಿತ್ತು, ಮಾನ ಹೋಗಿರಲಿಲ್ಲ. ಆ ರಾಶಿಯನ್ನು ವಿಂಗಡಿಸಲು, ಸಾಗಿಸಲು ಮತ್ತೆ ಬೇರೆಯವರು ಶ್ರಮಪಡಬೇಕಾಯಿತು.

ಬಟ್ಟೆಯಿಲ್ಲದ ನನಗೆ ಉಡಲು ಕೊಟ್ಟಿರಿ ಎಂದು ಅಂತಿಮ ತೀರ್ಪಿನ ದಿನ ಪ್ರಭು ಹೇಳುವರಷ್ಟೆ? ನಾವು ಎಸೆಯಬೇಕೆಂದಿದ್ದ ಅಂಗಿಯನ್ನು ಅವರಿಗೆ ಉಡಿಸಲು ನಮಗೆ ಮನಸ್ಸು ಬಂದೀತೇ? ಸಂಬಂಧಪಟ್ಟವರು ಇಂಥದ್ದೇ ಬೇಕೆಂದು ಕೇಳಿದ ಹೊರತು ವಸ್ತುಗಳನ್ನು ಕಳುಹಿಸದಿರುವುದು ಒಳ್ಳೆಯದು. ಹಣವನ್ನೇ ಕಳುಹಿಸೋಣ. ಹಣವಿದ್ದರೆ ಸ್ಥಳದಲ್ಲಿರುವವರು ಈ ದಿನ ಕಂಬಳಿಯನ್ನೂ, ನಾಳೆ ಔಷಧಿಯನ್ನೂ, ಮುಂದಿನ ತಿಂಗಳು ತಗಡಿನ ಹಾಳೆಯನ್ನೂ ಅಗತ್ಯಕ್ಕೆ ತಕ್ಕಂತೆ ಕೊಳ್ಳಬಹುದು. ಹತ್ತಿರದ ಪೇಟೆಯಲ್ಲಿಯೇ ಕೊಂಡರೆ ಸಾಗಣೆಯ ವೆಚ್ಚ ಉಳಿಯುತ್ತದೆ. ನೊಂದ ಪ್ರದೇಶದ ಅಂಗಡಿಯವನಿಗೂ ವ್ಯಾಪಾರವಾಗುತ್ತದೆ.

ಎರಡನೆಯದು, ಯಾರ ಕೈಯಲ್ಲಿ ಎಂಬುದು. ಅಂತಿಯೋಕ್ಯದವರು ಹಣವನ್ನು ದಾರಿಹೋಕರ ಕೈಯಲ್ಲಿ ಕೊಡಲಿಲ್ಲ. ಎಲ್ಲರೂ ಬಲ್ಲ ಇಬ್ಬರ ಕೈಯಲ್ಲಿ ಕೊಟ್ಟು, ಆ ನಾಡಿನಲ್ಲೇ ಇದ್ದು ಅಲ್ಲಿನ ಬಡವರನ್ನು ಬಲ್ಲ ಹಿರಿಯರಿಗೆ ತಲುಪಿಸಿದರು. ಮುಂದೆ ಪೌಲರು ಕೊರಿಂಥದಲ್ಲಿ ಕಾಣಿಕೆ ಎತ್ತಿದಾಗಲೂ, ಸಭೆಯವರೇ ಒಪ್ಪಿ ಆರಿಸಿದವರು ಅದನ್ನು ಒಯ್ಯಲಿ ಎಂದರು. ತಮ್ಮ ಜೊತೆ ತೀತನನ್ನೂ, ಸಭೆಗಳ ಮೆಚ್ಚುಗೆ ಪಡೆದ ಮತ್ತೊಬ್ಬ ಸಹೋದರನನ್ನೂ ಸೇರಿಸಿಕೊಂಡರು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು, ದೇವರ ದೃಷ್ಟಿಯಲ್ಲಿ ಮಾತ್ರವಲ್ಲದೆ ಜನರ ದೃಷ್ಟಿಯಲ್ಲೂ ಎಲ್ಲವೂ ಸರಿಯಾಗಿರಬೇಕು ಎಂಬುದು ಅವರ ಕಾಳಜಿ. ಪ್ರೇಷಿತರೇ ಹೀಗೆ ಲೆಕ್ಕಕ್ಕೆ ಒಳಪಟ್ಟಿರುವಾಗ, "ದೇವರ ಹೆಸರಿನಲ್ಲಿ ಕೊಟ್ಟದ್ದು, ಲೆಕ್ಕ ಯಾಕೆ?" ಎನ್ನುವುದು ಭಕ್ತಿಯಲ್ಲ, ಅಲಕ್ಷ್ಯ.

ಮೂರನೆಯದು, ಎಷ್ಟು ಕಾಲ ಎಂಬುದು. ಒಳ್ಳೆಯ ಸಮಾರಿಯದವನನ್ನು ನೆನೆಯಿರಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದು ಪಟ್ಟಿ ಕಟ್ಟಿದ್ದು ಆ ಕ್ಷಣದ ನೆರವು. ಆಮೇಲೆ ಅವನು ಗಾಯಾಳುವನ್ನು ಛತ್ರಕ್ಕೆ ಕರೆತಂದು, ಆರೈಕೆ ಬಲ್ಲ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟನು. ಅಷ್ಟಕ್ಕೇ ಬಿಡಲಿಲ್ಲ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಮಾತು ಕೊಟ್ಟನು. ನಮ್ಮ ಬಹುಪಾಲು ಕಾಣಿಕೆಗಳು ಎಣ್ಣೆ, ಪಟ್ಟಿಯ ಹಂತದಲ್ಲೇ ನಿಂತುಬಿಡುತ್ತವೆ. ಪತ್ರಿಕೆಯಲ್ಲಿ ಚಿತ್ರ ಬರುವ ತನಕ ನಮ್ಮ ಕಣ್ಣೀರು. ಚಿತ್ರ ನಿಂತರೆ ಕಣ್ಣೀರೂ ನಿಲ್ಲುತ್ತದೆ.

ಆದರೆ ಭೂಕಂಪದ ನಿಜವಾದ ಕಷ್ಟ ಆರಂಭವಾಗುವುದೇ ಆಮೇಲೆ. ತುರ್ಕಿಯಲ್ಲಿ ಎರಡು ವರ್ಷ ಕಳೆದ ಮೇಲೂ ಲಕ್ಷಾಂತರ ಜನ ಕಬ್ಬಿಣದ ಕಂಟೇನರ್ ಗೂಡುಗಳಲ್ಲಿ ದಿನ ದೂಡುತ್ತಿದ್ದರು. 2001ರ ಜನವರಿ 26ರ ಗುಜರಾತಿನ ಭೂಕಂಪದ ನಂತರವೂ, 2015ರ ಏಪ್ರಿಲ್ 25ರ ನೇಪಾಳದ ಭೂಕಂಪದ ನಂತರವೂ ಮನೆ ಕಟ್ಟುವ ಕೆಲಸ ವರ್ಷಗಟ್ಟಲೆ ನಡೆಯಿತು. ಕೊರಿಂಥದವರೂ ಒಂದು ವರ್ಷ ಹಿಂದೆ ಉತ್ಸಾಹದಿಂದ ಕಾಣಿಕೆ ಆರಂಭಿಸಿ ನಡುವೆ ತಣ್ಣಗಾಗಿದ್ದರು. ಪೌಲರು ಅವರನ್ನು ಗದರಿಸಲಿಲ್ಲ. ಆರಂಭಿಸಿದ್ದನ್ನು ಈಗ ಮುಗಿಸಿರಿ ಎಂದು ಪ್ರೀತಿಯಿಂದ ನೆನಪಿಸಿದರು. ನಮಗೂ ಅದೇ ಮಾತು.

ನಮಗಿರುವ ದಾರಿಗಳು

ಹಾಗಾದರೆ ಒಂದು ಸಾಧಾರಣ ಕುಟುಂಬ ಏನು ಮಾಡಬಹುದು? ದಾರಿಗಳು ಹಲವು, ನಮಗೆ ಹತ್ತಿರವೂ ಹೌದು.

ಮೊದಲ ದಾರಿ ನಮ್ಮ ಧರ್ಮಕೇಂದ್ರವೇ. ಧರ್ಮಾಧ್ಯಕ್ಷರು ವಿಶೇಷ ಕಾಣಿಕೆಗೆ ಕರೆಕೊಟ್ಟ ಭಾನುವಾರ ಬಲಿಪೂಜೆಯಲ್ಲಿ ಎತ್ತಿದ ಹಣ ಧರ್ಮಪ್ರಾಂತ್ಯದ ಮೂಲಕ ಹೋಗುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಸೇವಾ ಸಂಸ್ಥೆಯಾದ ಕಾರಿತಾಸ್ ಇಂಡಿಯಾ 1962ರಿಂದ ಕೆಲಸ ಮಾಡುತ್ತಿದೆ. ವಿಕೋಪ ನಡೆದ ಸ್ಥಳದ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳೇ ಅದರ ಕೈಕಾಲು. ನಮ್ಮಲ್ಲಿಯೂ ಮಂಗಳೂರಿನ ಸಿಓಡಿಪಿ, ಮೈಸೂರಿನ ಓಡಿಪಿ, ಬೆಂಗಳೂರಿನ ಬಿಎಂಎಸ್‌ಎಸ್‌ಎಸ್ ಅಂಥ ಸಂಸ್ಥೆಗಳೇ. ತಪಸ್ಸುಕಾಲದಲ್ಲಿ ಕಾರಿತಾಸ್ ನಡೆಸುವ ಅಭಿಯಾನಕ್ಕೆ ನಾವು ಕೊಡುವ ಹಣ, ಸುದ್ದಿ ಇಲ್ಲದ ದಿನಗಳಲ್ಲಿಯೂ ಈ ಕೈಕಾಲುಗಳನ್ನು ಗಟ್ಟಿಯಾಗಿಡುತ್ತದೆ.

ಎರಡನೆಯದು ಶುಭ ಶುಕ್ರವಾರದ ಕಾಣಿಕೆ. ಶಿಲುಬೆಯನ್ನು ಮುತ್ತಿಟ್ಟು ನಾವು ಹಾಕುವ ಆ ಹಣ ಪವಿತ್ರ ನಾಡಿನ ದೇವಾಲಯಗಳ ರಕ್ಷಣೆಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಿರಿಯಾ, ಲೆಬನಾನ್, ತುರ್ಕಿ ಮುಂತಾದ ಸುತ್ತಲಿನ ನಾಡುಗಳ ಕ್ರೈಸ್ತ ಸಮುದಾಯಗಳೂ ಅದರ ಆಸರೆ ಪಡೆಯುತ್ತವೆ. 2023ರ ಭೂಕಂಪ ಬಡಿದ ಅಲೆಪ್ಪೊ, ಲತಾಕಿಯಾ ನಗರಗಳಲ್ಲಿ ಪವಿತ್ರ ನಾಡಿನ ಫ್ರಾನ್ಸಿಸ್ಕನ್ ಗುರುಗಳ ಧರ್ಮಕೇಂದ್ರಗಳಿವೆ. ಹೊರದೇಶದ ಸಂಕಟಕ್ಕೆ ಹಣ ಕಳುಹಿಸುವ ನಿಯಮಗಳು ನಮ್ಮಂಥವರಿಗೆ ತೊಡಕಾಗಿರುವಾಗ, ಈ ಹಳೆಯ ದಾರಿ ಪ್ರತಿ ವರ್ಷ ನಮ್ಮ ಚರ್ಚಿನ ಬಾಗಿಲಿಗೇ ಬರುತ್ತದೆ.

ಮೂರನೆಯದು ಸರ್ಕಾರದ ನಿಧಿಗಳು. ವಿಕೋಪ ನಮ್ಮ ದೇಶದಲ್ಲೇ ಆದಾಗ, 1948ರಲ್ಲಿ ಆರಂಭವಾದ ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗಾಗಲಿ, ಆಯಾ ರಾಜ್ಯದ ಮುಖ್ಯಮಂತ್ರಿಗಳ ಪರಿಹಾರ ನಿಧಿಗಾಗಲಿ ಕೊಡಬಹುದು. ಕ್ರೈಸ್ತರು ಕೇವಲ ಕ್ರೈಸ್ತ ಸಂಸ್ಥೆಗೇ ಕೊಡಬೇಕೆಂಬ ನಿಯಮವಿಲ್ಲ. ಸಮಾರಿಯದವನು ಗಾಯಾಳುವಿನ ಜಾತಿ ಕೇಳಲಿಲ್ಲ.

ಮನೆಯಿಂದಲೇ ನೇರವಾಗಿ ಸಂಸ್ಥೆಗೆ ಕೊಡುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಲಿ. ಮೊಬೈಲಿಗೆ ಯಾರೋ ಕಳುಹಿಸಿದ ಕ್ಯೂಆರ್ ಚಿತ್ರವನ್ನು ನಂಬಿ ಹಣ ಹಾಕಬೇಡಿ. ದೊಡ್ಡ ವಿಕೋಪದ ಬೆನ್ನಿಗೇ ಸುಳ್ಳು ಖಾತೆಗಳೂ ಹುಟ್ಟಿಕೊಳ್ಳುತ್ತವೆ. ಅಳುವ ಮಗುವಿನ ಚಿತ್ರ ಹಾಕಿ "ಈಗಲೇ ಕಳುಹಿಸಿ" ಎಂದು ಅವಸರಪಡಿಸಿದಷ್ಟೂ ಸಂಶಯಪಡಿ. ಸಂಸ್ಥೆಯ ಕಚೇರಿಯಿಂದಲೋ, ನಿಮ್ಮ ವಿಚಾರಣಾ ಗುರುಗಳಿಂದಲೋ ಖಾತೆಯ ವಿವರ ಪಡೆದು, ಸಂಸ್ಥೆಯ ಹೆಸರಿನ ಖಾತೆಗೇ ಕಳುಹಿಸಿ, ವ್ಯಕ್ತಿಯ ಹೆಸರಿಗೆ ಬೇಡ. ರಸೀದಿ ಕೇಳಿ ಪಡೆಯಿರಿ. ಆದಾಯ ತೆರಿಗೆಯ ರಿಯಾಯಿತಿ ಬೇಕಾದವರು ಒಂದು ಮಾತು ತಿಳಿದಿರಲಿ: ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಅದು ದೊರೆಯುತ್ತದೆ, 2,000 ರೂಪಾಯಿ ಮೀರಿದ ನಗದು ದಾನಕ್ಕೂ, ವಸ್ತುಗಳ ದಾನಕ್ಕೂ ದೊರೆಯುವುದಿಲ್ಲ.

ಗಲ್ಫಿನಲ್ಲಿಯೂ ಇತರ ದೇಶಗಳಲ್ಲಿಯೂ ದುಡಿಯುವ ನಮ್ಮ ಮಕ್ಕಳಿಗೂ ಒಂದು ಕಿವಿಮಾತು. ಸಂಯುಕ್ತ ಅರಬ್ ಸಂಸ್ಥಾನದಂಥ ಕಡೆ ಅನುಮತಿಯಿಲ್ಲದೆ ಚಂದಾ ಎತ್ತುವುದು ಅಪರಾಧ. ಗೆಳೆಯರ ಗುಂಪಿನಲ್ಲಿ ಹಣ ಕೂಡಿಸುವ ಮೊದಲು ಅಲ್ಲಿನ ಚರ್ಚನ್ನೋ ಅಧಿಕೃತ ಸಂಸ್ಥೆಯನ್ನೋ ವಿಚಾರಿಸಲಿ. ಊರಿನ ಸಂಸ್ಥೆಗೆ ಕಳುಹಿಸುವಾಗ, ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಕಾಣಿಕೆ ಮಾತ್ರ ವಿದೇಶಿ ದೇಣಿಗೆಯ ಕಾನೂನಿಗೆ ಒಳಪಡುತ್ತದೆ. ಅಂಥವರು ಆ ಅನುಮತಿ ಇರುವ ಸಂಸ್ಥೆಗೇ, ಅದಕ್ಕೆಂದೇ ಇರುವ ಖಾತೆಗೇ ಕಳುಹಿಸಬೇಕು. ತಿಳಿಯದೆ ಕಳುಹಿಸಿದ ಹಣ ಒಳ್ಳೆಯ ಸಂಸ್ಥೆಯೊಂದನ್ನು ತೊಂದರೆಗೆ ಸಿಲುಕಿಸಬಹುದು.

ಮನೆಯ ಬಲಿಪೀಠ

"ನಮ್ಮದೇ ಸಾಲ ತೀರಿಲ್ಲ, ನಾವೇನು ಕೊಡೋಣ?" ಎನ್ನುವ ಮನೆಗಳಿವೆ. ಅವರ ಮಾತು ಸುಳ್ಳಲ್ಲ. ಪೌಲರು ಯಾರನ್ನೂ ಸಾಲ ಮಾಡಿ ಕೊಡಿ ಎನ್ನಲಿಲ್ಲ. ನಿಮ್ಮಲ್ಲಿ ಇಲ್ಲದ್ದಕ್ಕೆ ತಕ್ಕಂತೆ ಅಲ್ಲ, ಇರುವುದಕ್ಕೆ ತಕ್ಕಂತೆ ಕೊಟ್ಟರೆ ದೇವರಿಗೆ ಅದೇ ಮೆಚ್ಚುಗೆ ಎಂದರು. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ಸ್ವಲ್ಪ ಸ್ವಲ್ಪ ತೆಗೆದಿಡಲಿ ಎಂಬ ಸುಲಭ ಉಪಾಯವನ್ನೂ ಹೇಳಿಕೊಟ್ಟರು. ಅವಸರದಲ್ಲಿ ಎತ್ತಿದ ದೊಡ್ಡ ಮೊತ್ತಕ್ಕಿಂತ ಭಾನುವಾರ ಭಾನುವಾರ ಕೂಡಿದ ಚಿಲ್ಲರೆ ಹೆಚ್ಚು ದಿನ ಬಾಳುತ್ತದೆ. ಹನಿ ಹನಿ ಕೂಡಿದರೆ ಹಳ್ಳ.

ಆದ್ದರಿಂದ ಪ್ರತಿ ಮನೆಯ ಪ್ರಾರ್ಥನಾ ಸ್ಥಳದಲ್ಲಿ, ತಿರುಹೃದಯದ ಚಿತ್ರದ ಕೆಳಗೆ, ಒಂದು ಪುಟ್ಟ ಡಬ್ಬಿ ಇರಲಿ. ಭಾನುವಾರದ ಸಂಜೆ ಜಪಸರ ಮುಗಿದ ಮೇಲೆ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ತಮ್ಮ ಕೈಲಾದದ್ದನ್ನು ಹಾಕಲಿ. ಮಕ್ಕಳಿಗೆ ಭೂಪಟದಲ್ಲಿ ಅಂತಾಕ್ಯವನ್ನೋ, 2025ರ ಮಾರ್ಚ್ 28ರಂದು ಭೂಕಂಪದಿಂದ ನಲುಗಿದ ಮ್ಯಾನ್ಮಾರಿನ ಮಂಡಲೆಯನ್ನೋ ತೋರಿಸಿ, ಅಲ್ಲಿನ ಮಕ್ಕಳಿಗಾಗಿ ಒಂದು ನಮೋ ಮರಿಯಾ ಹೇಳಿಸಿರಿ. ವರ್ಷಕ್ಕೆ ಎರಡು ಬಾರಿ, ತಪಸ್ಸುಕಾಲದಲ್ಲಿಯೂ ಕ್ರಿಸ್ತಜಯಂತಿಗೆ ಮುನ್ನವೂ, ಡಬ್ಬಿಯನ್ನು ತೆರೆದು ಎಲ್ಲರೂ ಕುಳಿತು ಎಣಿಸಿ ಕಳುಹಿಸಿರಿ. ಮದುವೆ, ಹೊಸ ಪ್ರಸಾದ ಸ್ವೀಕಾರದಂಥ ಸಂಭ್ರಮಗಳಲ್ಲಿ ಊಟದ ಒಂದು ಬಗೆಯನ್ನು ಕಡಿಮೆ ಮಾಡಿ ಉಳಿದದ್ದನ್ನು ಇದಕ್ಕೆ ಸೇರಿಸುವ ಕುಟುಂಬವನ್ನು ಪ್ರಭು ಮರೆಯುವುದಿಲ್ಲ.

ಕೊಟ್ಟ ಮೇಲೆ ಮೌನವಾಗಿರೋಣ. ಕಂಬಳಿಯ ಮೇಲೆ ದಾನಿಯ ಹೆಸರು, ಪಡೆಯುವವರನ್ನು ಸಾಲಾಗಿ ನಿಲ್ಲಿಸಿ ತೆಗೆದ ಚಿತ್ರ ಬೇಡ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದ ಪ್ರಭುವಿಗೆ ಲೆಕ್ಕ ತಿಳಿದಿದೆ.

ನಾವು ಎಂದೆಂದೂ ಕೊಡುವವರಾಗಿಯೇ ಇರುತ್ತೇವೆಂಬ ಭರವಸೆಯೂ ಇಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, ತೋಟ, ಮನೆ ಇದ್ದವರೇ ಒಂದೇ ರಾತ್ರಿಯಲ್ಲಿ ಪರಿಹಾರ ಕೇಂದ್ರದ ಸಾಲಿನಲ್ಲಿ ನಿಂತರು. ಇಂದು ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಿಸಲಿ, ನಾಳೆ ಅವರ ಸಮೃದ್ಧಿ ನಿಮ್ಮ ಕೊರತೆಯನ್ನು ನೀಗಿಸೀತು ಎಂದ ಪೌಲರ ಮಾತು ಅಂತಿಯೋಕ್ಯದಲ್ಲಿ ಅಕ್ಷರಶಃ ಸತ್ಯವಾಯಿತು. ಭೂಕಂಪದ ನಂತರ ನಮ್ಮ ಭಾರತದ ಸೇನೆ ಇಸ್ಕೆಂದರುನ್‌ನಲ್ಲಿ ಡೇರೆ ಆಸ್ಪತ್ರೆಯನ್ನು ತೆರೆದು ಗಾಯಾಳುಗಳನ್ನು ಉಪಚರಿಸಿತು. ಕ್ರೈಸ್ತರೆಂಬ ಹೆಸರನ್ನು ನಮಗೆ ಕೊಟ್ಟ ಆ ನೆಲಕ್ಕೆ ನಮ್ಮ ದೇಶದ ವೈದ್ಯರ ಕೈ ಹೋಗಿ ಬಂದಿದೆ. ನಮ್ಮ ಮನೆಗಳ ಕೈಯೂ ಅದನ್ನು ಮರೆಯದಿರಲಿ.

ಪ್ರಾರ್ಥಿಸೋಣ: ಓ ಪ್ರಭುವೇ, ಛತ್ರದಲ್ಲಿ ಸ್ಥಳ ಸಿಗದೆ ಹುಟ್ಟಿದವರು ನೀವು. ಮನೆ ಕಳೆದುಕೊಂಡು ಡೇರೆಯಲ್ಲಿ, ತಗಡಿನ ಗೂಡಿನಲ್ಲಿ ರಾತ್ರಿ ಕಳೆಯುವ ಎಲ್ಲರ ಜೊತೆಗಿರಿ. ಮಣ್ಣಿನಡಿ ಪ್ರಾಣ ಬಿಟ್ಟವರಿಗೆ ನಿತ್ಯ ವಿಶ್ರಾಂತಿ ಕೊಡಿ. ನಮ್ಮ ಕಾಣಿಕೆ ಶುದ್ಧವಾಗಿರಲಿ, ಸರಿಯಾದ ಕೈ ಸೇರಲಿ, ಸುದ್ದಿ ನಿಂತ ಮೇಲೂ ನಿಲ್ಲದಿರಲಿ. ಆಮೆನ್.